ಡ್ರಾಯಿಂಗಲ್ಲಿ ಇಲ್ಲದ ಬಕೆಟ್ಟು

ನಮ್ಮ ಡಿಸ್ಟಿಲರಿಯಲ್ಲಿ ಒಂದು ಪೇಂಟ್ ಬಕೆಟ್ ಇತ್ತು, ಇಪ್ಪತ್ತು ಲೀಟರಿಂದು, ಹೊರಗಿನ ಸ್ಟಿಕ್ಕರ್ ಅರ್ಧ ಕಿತ್ತುಹೋಗಿದ್ದು. ಸ್ಪಿರಿಟ್ ಬಟ್ಟಿ ಇಳಿಸೋ ಎತ್ತರದ ಗೋಪುರ ಇರುತ್ತಲ್ಲ, ಅದನ್ನ ಕಾಲಂ ಅಂತೀವಿ, ಅದರ ಪಕ್ಕದ ಸ್ಯಾಂಪಲ್ ಪಾಯಿಂಟ್ ಕೆಳಗೆ ಇಟ್ಟಿರ್ತಿದ್ರು. ನಾನು ಅಲ್ಲಿ ಎಲೆಕ್ಟ್ರಿಕಲ್ ಮೇಂಟೆನೆನ್ಸಿಗೆ ಸೇರಿ ಎಂಟು ತಿಂಗಳು ದಿನಾ ಆ ಬಕೆಟ್ ದಾಟ್ಕೊಂಡೇ ಓಡಾಡಿದೀನಿ, ಒಂದು ದಿನಾನೂ ಬಗ್ಗಿ ನೋಡಿರ್ಲಿಲ್ಲ. ನೋಡಿದ ದಿನದಿಂದ ಹಝಾರ್ಡಸ್ ಏರಿಯಾ ಕ್ಲಾಸಿಫಿಕೇಶನ್, ಅಂದ್ರೆ ಹತ್ಕೊಳ್ಳೋ ಆವಿ ಎಲ್ಲೆಲ್ಲಿ ಎಷ್ಟು ಹೊತ್ತು ಇರಬಹುದು ಅಂತ ಜಾಗ ವಿಂಗಡಿಸೋದು, ನಿಜಕ್ಕೂ ಏನು ಅನ್ನೋದು ನನ್ನ ತಲೇಲಿ ಪೂರ್ತಿ ಬೇರೇನೇ ಆಗೋಯ್ತು, ಅದನ್ನೇ ಇವತ್ತು ಬರೀತಿದೀನಿ.

ಗೊತ್ತಿಲ್ಲದವರಿಗೆ ಮೊದ್ಲು ಜಾಗದ ಬಗ್ಗೆ ಹೇಳ್ಬಿಡ್ತೀನಿ. ಸಕ್ಕರೆ ಫ್ಯಾಕ್ಟರಿಯಲ್ಲಿ ಕಬ್ಬಿನ ಹಾಲಿಂದ ಸಕ್ಕರೆ ತೆಗೆದ ಮೇಲೆ ಉಳಿಯೋ ಕಾಕಂಬಿ ಇರುತ್ತಲ್ಲ, ಅದನ್ನ ನೀರು ಬೆರೆಸಿ ಯೀಸ್ಟ್ ಹಾಕಿ ಹುಳಿ ಬರಿಸಿ, ಕಾಲಂನಲ್ಲಿ ಕಾಯಿಸಿ ಸ್ಪಿರಿಟ್ ತೆಗೀತಾರೆ, ಅದ್ರಲ್ಲಿ ಉಳಿದ ನೀರನ್ನ ಮೋಲ್ ಸೀವ್‌ನಲ್ಲಿ ತೆಗೆದ್ರೆ ಪೆಟ್ರೋಲಿಗೆ ಸೇರ್ಸೋ ಎಥನಾಲ್. ಈಗ ಬಂಕಲ್ಲಿ ನೀವು ಹಾಕಿಸ್ಕೊಳ್ಳೋ ಪೆಟ್ರೋಲಲ್ಲಿ ನೂರಕ್ಕೆ ಇಪ್ಪತ್ತರವರೆಗೂ ಇದೇ ಇರೋದು. ಬೆಳಗಾವಿ, ಬಾಗಲಕೋಟೆ, ವಿಜಯಪುರ ಕಡೆ ಹೋದ್ರೆ ಚಿಮಣಿ ಕಂಡಲ್ಲೆಲ್ಲ ಪಕ್ಕದಲ್ಲೊಂದು ಡಿಸ್ಟಿಲರಿ ಎದ್ದಿದೆ ಅನ್ನೋ ಹಾಗಾಗಿದೆ. ನಾನು ಮಂಡ್ಯ ಕಡೆಯವನು, ಕೆಲಸ ಸಿಕ್ಕಿದ್ದು ಆ ಕಡೆ. ಫ್ಯಾಕ್ಟರಿ ಹೆಸರು ಬೇಡ.

ಸೇರಿದ ಮೊದಲ ವಾರವೇ ನಮ್ಮ ಮ್ಯಾನೇಜರ್ ಒಂದು ದೊಡ್ಡ ಡ್ರಾಯಿಂಗ್ ಕೊಟ್ಟಿದ್ರು. ಪ್ಲಾಂಟ್ ನಕ್ಷೆ ಮೇಲೆ ಗೀಟು ಗೀಟು ಎಳೆದು, ಕೆಲವು ಕಡೆ ಅಡ್ಡಗೀಟು, ಕೆಲವು ಕಡೆ ಚುಕ್ಕಿ, ಇದು ಝೋನ್ 0, ಇದು ಝೋನ್ 1, ಇದು ಝೋನ್ 2 ಅಂತ. ಪ್ಲಾಂಟ್ ಕಟ್ಟೋವಾಗ ಹೊರಗಿನ ಕನ್ಸಲ್ಟೆಂಟ್ ಮಾಡಿಕೊಟ್ಟಿದ್ದು. ಐಎಸ್ 5572, ಅಂದ್ರೆ ಈ ಥರ ಜಾಗ ವಿಂಗಡಿಸೋಕೆ ಇರೋ ಭಾರತೀಯ ಸ್ಟ್ಯಾಂಡರ್ಡ್, ಅದರ ಪ್ರಕಾರ ಮಾಡಿದೆ ಅಂತ ಮೂಲೇಲಿ ಬರೆದಿತ್ತು. ನೋಡೋಕೆ ಚೆನ್ನಾಗಿತ್ತು, ನಾನು ಅದನ್ನ ಮಡಚಿ ಡ್ರಾಯರಲ್ಲಿ ಇಟ್ಟೆ.

ಝೋನ್ ಲೆಕ್ಕ ಬಾಯಲ್ಲಿ ಹೇಳೋಕೆ ಬಹಳ ಸುಲಭ. ಉರಿಯೋ ಆವಿ ಗಾಳಿ ಜೊತೆ ಸೇರಿ ಹತ್ಕೊಳ್ಳೋ ಸ್ಥಿತಿಯಲ್ಲಿ ಯಾವಾಗ್ಲೂ ಅಥವಾ ಬಹಳ ಹೊತ್ತು ಇರೋ ಜಾಗ ಝೋನ್ 0, ಅಂದ್ರೆ ಟ್ಯಾಂಕ್ ಒಳಗೆ. ಮಾಮೂಲಿ ಕೆಲಸ ನಡೆಯೋವಾಗ ಆಗಾಗ ಬರಬಹುದು ಅನ್ನೋ ಜಾಗ ಝೋನ್ 1. ಮಾಮೂಲಿಯಾಗಿ ಬರಲ್ಲ, ಬಂದ್ರೂ ಸ್ವಲ್ಪ ಹೊತ್ತು ಇದ್ದು ಹೋಗುತ್ತೆ ಅನ್ನೋದು ಝೋನ್ 2. ಇಂಡಸ್ಟ್ರಿಯಲ್ಲಿ ಒಂದು ಅಂದಾಜು ಲೆಕ್ಕಾನೂ ಇದೆ, ವರ್ಷಕ್ಕೆ 1000 ಗಂಟೆಗಿಂತ ಜಾಸ್ತಿ ಆದ್ರೆ 0, ಹತ್ತರಿಂದ ಸಾವಿರದವರೆಗೆ 1, ಹತ್ತು ಗಂಟೆಗಿಂತ ಕಡಿಮೆ ಆದ್ರೆ 2. ಧೂಳಿಗೂ ಇದೇ ಥರ 20, 21, 22 ಅಂತಿದೆ, ಅದಕ್ಕೆ ಆಮೇಲೆ ಬರ್ತೀನಿ.

ಝೋನ್ 0 ಬಗ್ಗೆ ಒಂದು ಮಾತು ಹೇಳದೆ ಮುಂದೆ ಹೋಗೋಕೆ ಮನಸ್ಸಾಗ್ತಿಲ್ಲ. ಪೆಟ್ರೋಲ್ ಎಥನಾಲಿಗಿಂತ ಅಪಾಯ ಅಂತ ಎಲ್ರೂ ಅಂದ್ಕೊಂಡಿರ್ತೀವಿ, ಹೊರಗಡೆ ಚೆಲ್ಲಿದ್ರೆ ಅದು ನಿಜಾನೇ. ಟ್ಯಾಂಕ್ ಒಳಗಡೆ ಮಾತ್ರ ಕಥೆ ಉಲ್ಟಾ. ಪೆಟ್ರೋಲ್ ಆವಿ ಗಾಳಿಯಲ್ಲಿ ಸುಮಾರು ಶೇಕಡ 1.4ರಿಂದ 7.6ರ ಮಧ್ಯೆ ಇದ್ರೆ ಮಾತ್ರ ಹತ್ಕೊಳ್ಳುತ್ತೆ, ನಮ್ಮ ಬಿಸಿಲಲ್ಲಿ ಮುಚ್ಚಿದ ಟ್ಯಾಂಕ್ ಒಳಗೆ ಆವಿ ಅದಕ್ಕಿಂತ ಎಷ್ಟೋ ಪಟ್ಟು ಜಾಸ್ತಿ ತುಂಬ್ಕೊಂಡಿರುತ್ತೆ, ಉರಿಯೋಕೆ ಗಾಳೀನೇ ಸಾಲಲ್ಲ. ಎಥನಾಲಿಗೆ ಮಿತಿ 3.3ರಿಂದ 19. ಈಗ 20 ಡಿಗ್ರಿಯಲ್ಲಿ ಎಥನಾಲ್ ಟ್ಯಾಂಕ್ ಮೇಲಿನ ಖಾಲಿ ಜಾಗದಲ್ಲಿ ಆವಿ ಎಷ್ಟಿರುತ್ತೆ ಅಂದ್ರೆ ಹೆಚ್ಚುಕಮ್ಮಿ ಶೇಕಡ 6, 30 ಡಿಗ್ರಿಯಲ್ಲಿ 10, 40 ಡಿಗ್ರಿಯಲ್ಲಿ 17ರ ಮೇಲೆ. ಅಂದ್ರೆ ಚಳಿಗಾಲದ ಮಧ್ಯಾಹ್ನದಿಂದ ಹಿಡಿದು ಮೇ ತಿಂಗಳ ಉರಿಬಿಸಿಲಿನವರೆಗೂ ಸರಿಯಾಗಿ ಸಿಡಿಯೋ ಅಳತೆಯಲ್ಲೇ ಕೂತಿರುತ್ತೆ. ಬೇಕು ಅಂತ ಯಾರೋ ಅಳೆದು ಮಾಡಿದ ಹಾಗಿದೆ ನೋಡಿ. ಟ್ಯಾಂಕ್ ನೆತ್ತಿ ಮೇಲಿನ ಬ್ರೀದರ್ ವಾಲ್ವ್ (ಟ್ಯಾಂಕ್ ಉಸಿರಾಡೋ ವಾಲ್ವು), ಫ್ಲೇಮ್ ಅರೆಸ್ಟರ್ (ಹೊರಗಿನ ಜ್ವಾಲೆ ಒಳಗೆ ಹೋಗದ ಹಾಗೆ ತಡೆಯೋದು) ಇವೆಲ್ಲ ತೋರಿಕೆಗೆ ಅಲ್ಲ ಅಂತ ಹೊಸಬರಿಗೆ ಹೇಳೋವಾಗ ನಾನು ಈ ಲೆಕ್ಕ ಮಾಡಿ ತೋರಿಸ್ತೀನಿ, ಆಮೇಲೆ ಯಾರೂ ಟ್ಯಾಂಕ್ ಮೇಲಿನ ಡಿಪ್ ಹ್ಯಾಚ್ ಮುಚ್ಚಳ ತೆರೆದು ಮೊಬೈಲ್ ಟಾರ್ಚ್ ಹಾಕಿ ಲೆವೆಲ್ ನೋಡಲ್ಲ.

ಇನ್ನು ಬಕೆಟ್.

ಹೋದ ವರ್ಷ ಆಫ್ ಸೀಸನ್‌ಗೆ ಮುಂಚೆ ಸೇಫ್ಟಿ ಆಡಿಟ್ ಇತ್ತು, ಫ್ಲೇಮ್‌ಪ್ರೂಫ್ ಸಾಮಾನಿನ ಪಟ್ಟಿ ರೆಡಿ ಮಾಡು ಅಂದ್ರು. ಡ್ರಾಯಿಂಗ್ ಹೊರಗೆ ತೆಗೆದು ಒಂದೊಂದೇ ಜಾಗಕ್ಕೆ ಹೋಗಿ ಸಾಮಾನಿನ ಮೇಲಿರೋ ಸರ್ಟಿಫಿಕೇಟ್ ಪ್ಲೇಟ್ ಓದ್ತಾ ಬರ್ತಿದ್ದೆ. ಕಾಲಂ ಪಕ್ಕ ಸ್ಯಾಂಪಲ್ ಪಾಯಿಂಟ್ ಹತ್ರ ಡ್ರಾಯಿಂಗಲ್ಲಿ ಝೋನ್ 2 ಅಂತಿತ್ತು, ಅಲ್ಲಿದ್ದ ಲೈಟೂ ಅದಕ್ಕೆ ತಕ್ಕ ಹಾಗೆ ಎಕ್ಸ್ ಎನ್ ಥರದ್ದೇ, ಅಂದ್ರೆ ಮಾಮೂಲಿಯಾಗಿ ನಡೀತಿರೋವಾಗ ಕಿಡಿ ಹಾರಲ್ಲ ಅನ್ನೋ ಗ್ಯಾರಂಟಿಯ ಫಿಟಿಂಗ್. ಟಿಕ್ ಹಾಕಿ ಮುಂದೆ ಹೋಗಬೇಕಿತ್ತು. ಅಷ್ಟರಲ್ಲಿ ನಮ್ಮ ಆಪರೇಟರ್ ಕಾಕಾ ಸ್ಯಾಂಪಲ್ ಹಿಡಿಯೋಕೆ ಬಂದ್ರು. ವಾಲ್ವ್ ಬಿಟ್ರು, ಗಾಜಿನ ಜಾರಿಗೆ ಸ್ಪಿರಿಟ್ ಹಿಡಿದ್ರು, ಅಲ್ಲಾಡಿಸಿ ಬಕೆಟ್ಟಿಗೆ ಸುರಿದ್ರು, ಮತ್ತೆ ಹಿಡಿದ್ರು, ಮತ್ತೆ ಸುರಿದ್ರು, ಮೂರನೇ ಸಲ ಹಿಡಿದು ಹೈಡ್ರೋಮೀಟರ್ ಬಿಟ್ಟು ಸ್ಟ್ರೆಂತ್ ನೋಡಿ ಬರ್ಕೊಂಡ್ರು. ಅದನ್ನೂ ಬಕೆಟ್ಟಿಗೆ.

ಕಾಕಾ, ಇದೇನಿದು, ನೀರಾ ಅಂದೆ.

"ನೀರಲ್ರಿ ಸರ, ಸ್ಪಿರಿಟ್ಟ ಐತಿ. ಜಾರ್ ಎರಡ ಸಲ ಅದರಾಗ ತೊಳದ ಮ್ಯಾಲ ಸ್ಯಾಂಪಲ್ ಹಿಡೀಬೇಕು, ಮೊದಲಿಂದನೂ ಹಂಗ ಮಾಡ್ಕೊಂತ ಬಂದೇವಿ."

ದಿನಕ್ಕೆ ಎಷ್ಟು ಸಲ?

"ಎರಡ್ ತಾಸಿಗೊಮ್ಮೆ ರೀ."

ಅವರು ಇದನ್ನ ಹೇಳಿದ ರೀತಿ ಹೇಗಿತ್ತು ಅಂದ್ರೆ ಹಾಲಿನವನು ಬೆಳಿಗ್ಗೆ ಎಷ್ಟು ಗಂಟೆಗೆ ಬರ್ತಾನೆ ಅಂತ ಕೇಳಿದ್ರೆ ಹೇಳೋ ಹಾಗೆ. ನಾನು ಅಲ್ಲೇ ನಿಂತು ಲೆಕ್ಕ ಹಾಕಿದೆ. ದಿನಕ್ಕೆ 12 ಸಲ, ಒಂದು ಸಲಕ್ಕೆ ಹತ್ತು ನಿಮಿಷ ಅಂದ್ರೂ ದಿನಕ್ಕೆ ಎರಡು ಗಂಟೆ, 300 ದಿನ ಪ್ಲಾಂಟ್ ಓಡಿದ್ರೆ 600 ಗಂಟೆ. ಡ್ರಾಯಿಂಗಲ್ಲಿ ಹತ್ತು ಗಂಟೆ ಒಳಗಿನ ಜಾಗ ಅಂತ ತೋರಿಸಿರೋದು ಇದನ್ನ! ಮೇಲಿಂದ ಬಕೆಟ್ಟಿಗೆ ಮುಚ್ಚಳ ಇಲ್ಲ, ಶಿಫ್ಟ್ ಮುಗಿಯೋವರೆಗೂ ತೆರೆದೇ ಇರುತ್ತೆ, ಆ ಲೆಕ್ಕ ಸೇರಿಸಿದ್ರೆ ಬಕೆಟ್ ಬಾಯಿ ಹತ್ರ ಝೋನ್ 1 ಅಂತಲೂ ಹೇಳೋಕಾಗಲ್ಲ, ಅದಕ್ಕಿಂತ ಮೇಲೇನೇ.

ಒಂದು ಲೀಟರ್ ಎಥನಾಲ್ ಪೂರ್ತಿ ಆವಿ ಆದ್ರೆ 400 ಲೀಟರಿಗೂ ಜಾಸ್ತಿ ಆವಿ ಆಗುತ್ತೆ, ಅದು ಕೆಳಗಿನ ಮಿತಿ 3.3ರ ಅಳತೆಯಲ್ಲಿ ಗಾಳಿ ಜೊತೆ ಬೆರೆತ್ರೆ 12-13 ಘನ ಮೀಟರ್. ಏಳಡಿ ಎಂಟಡಿ ರೂಮು, ಎಂಟಡಿ ಎತ್ತರ, ಅದು ಪೂರ್ತಿ ತುಂಬುವಷ್ಟು. ಒಂದೇ ಲೀಟರಿಂದ. ಆ ಬಕೆಟ್ಟಲ್ಲಿ ಆವತ್ತು ನಾಲ್ಕೈದು ಲೀಟರ್ ಇತ್ತು ಅನ್ಸುತ್ತೆ. ನಿಜ, ಅಷ್ಟೂ ಒಟ್ಟಿಗೆ ಆವಿ ಆಗಲ್ಲ, ಜಾಗ ಅರ್ಧ ಬಯಲು, ಗಾಳಿ ಆಡುತ್ತೆ. ಆದ್ರೆ ಎಥನಾಲ್ ಆವಿ ಗಾಳಿಗಿಂತ ಒಂದೂವರೆ ಪಟ್ಟು ಭಾರ, ಮೇಲೆ ಹೋಗಲ್ಲ, ನೆಲ ಹಿಡ್ಕೊಂಡು ಹರಿದು ತಗ್ಗು ಹುಡುಕುತ್ತೆ. ತಗ್ಗು ಎಲ್ಲಿದೆ ಅಂದ್ರೆ ಅಲ್ಲೇ ಎರಡು ಹೆಜ್ಜೆ ಆಚೆ ಕೇಬಲ್ ಟ್ರೆಂಚು. ಟ್ರೆಂಚ್ ಹೋಗೋದು ನೇರ ಎಂಸಿಸಿ ರೂಮಿಗೆ, ಅಂದ್ರೆ ಮೋಟರ್‌ಗಳನ್ನ ಆನ್ ಆಫ್ ಮಾಡೋ ಪ್ಯಾನೆಲ್ ಇರೋ ರೂಮಿಗೆ, ಅಲ್ಲಿ ಕಾಂಟ್ಯಾಕ್ಟರ್‌ಗಳು ದಿನವಿಡೀ ಟಕ್ ಟಕ್ ಅಂತ ಕಿಡಿ ಹಾರಿಸ್ತಿರ್ತವೆ. ಟ್ರೆಂಚ್ ಒಳಗೆ ಮರಳು ತುಂಬಬೇಕು ಅನ್ನೋ ನಿಯಮ ಇರೋದೇ ಇದಕ್ಕೆ, ತುಂಬಿದ್ರೂ ಕೂಡ, ಆದ್ರೆ ಹಿಂದಿನ ವರ್ಷ ಹೊಸ ಕೇಬಲ್ ಎಳೆಯೋಕೆ ಅಂತ ಮರಳು ತೆಗೆದವರು ವಾಪಸ್ ಹಾಕೋದು ಮರೆತಿದ್ರು. ಯಾರು ಎಳೆಸಿದ್ದು ಅಂದ್ರೆ ನಾನೇ.

ಇಷ್ಟು ಸಾಲದು ಅಂತ ಇನ್ನೊಂದಿತ್ತು. ಸ್ಯಾಂಪಲ್ ಪಾಯಿಂಟ್ ಎದುರಿಗೆ ಒಂದು ಪೆಡೆಸ್ಟಲ್ ಫ್ಯಾನು, ಮನೇಲಿರೋ ಅಂಥದ್ದೇ, ಎಕ್ಸ್‌ಟೆನ್ಷನ್ ಬೋರ್ಡ್ ಹಾಕಿ ಎಳ್ಕೊಂಡು ಬಂದಿದ್ರು. ಇದನ್ನ ಯಾಕೆ ಇಲ್ಲಿ ಇಟ್ರಿ ಅಂತ ಸ್ವಲ್ಪ ಜೋರಾಗೇ ಕೇಳಿದೆ. "ಫ್ಯಾನ್ ಇಲ್ದಿದ್ರ ಇಲ್ಲಿ ನಿಂದ್ರಾಕ ಆಗ್ತೈತೇನ್ರಿ ಸರ? ನೀವ ಒಂದ್ ತಾಸ ನಿಂದ್ರ ನೋಡ್ರಿ" ಅಂದ್ರು ಕಾಕಾ. ಏಪ್ರಿಲ್ ಕೊನೆ, ಹೊರಗೇ 41, ಕಾಲಂ ಹತ್ರ ಇನ್ನೂ ಜಾಸ್ತಿ. ನನಗೆ ಮಾತೇ ಹೊರಡ್ಲಿಲ್ಲ. ಆಮೇಲೆ ರಾತ್ರಿ ರೂಮಲ್ಲಿ ಕೂತು ಯೋಚ್ನೆ ಮಾಡೋವಾಗ ಹೊಳೀತು, ಇಷ್ಟು ವರ್ಷ ಅಲ್ಲಿ ಏನೂ ಆಗದೆ ಇದ್ದಿದ್ದಕ್ಕೆ ಆ ಫ್ಯಾನೂ ಒಂದು ಕಾರಣ ಇರಬಹುದು, ಬೀಸಿ ಬೀಸಿ ಆವೀನ ತೆಳ್ಳಗೆ ಮಾಡ್ತಿತ್ತು. ಸ್ಟ್ಯಾಂಡರ್ಡಲ್ಲೂ ಗಾಳಿಯಾಟ ಚೆನ್ನಾಗಿದ್ರೆ ಝೋನ್ ಚಿಕ್ಕದಾಗುತ್ತೆ, ಕೆಟ್ಟದಿದ್ರೆ ದೊಡ್ಡದಾಗುತ್ತೆ ಅಂತಾನೇ ಇದೆ. ಆದ್ರೆ ಅದೇ ಫ್ಯಾನಿನ ಬಟನ್ ಒತ್ತಿದ್ರೆ ಕಿಡಿ. ಕರೆಂಟ್ ಹೋಗಿ ಫ್ಯಾನ್ ನಿಂತು, ಆವಿ ಶೇಖರ ಆಗಿ, ಆಮೇಲೆ ಕರೆಂಟ್ ಬಂದಾಗ ಯಾರಾದ್ರೂ ಬಟನ್ ಒತ್ತಿದ್ರೆ? ಆ ರಾತ್ರಿ ಸರಿಯಾಗಿ ನಿದ್ದೆ ಬರ್ಲಿಲ್ಲ.

ಕನ್ಸಲ್ಟೆಂಟ್ ಮಾಡಿದ ಡ್ರಾಯಿಂಗಲ್ಲಿ ತಪ್ಪಿತ್ತು ಅಂತ ನಾನು ಹೇಳ್ತಿಲ್ಲ. ಅವರ ಹತ್ರ ಇದ್ದ ಪೇಪರಲ್ಲಿ ಸ್ಯಾಂಪಲ್ ಪಾಯಿಂಟ್ ಅಂದ್ರೆ ಮುಚ್ಚಿದ ವಾಲ್ವು, ಅಪರೂಪಕ್ಕೆ ತೆರೆಯೋದು. ಪೇಪರಿನ ಪ್ರಕಾರ ಝೋನ್ 2 ಸರೀನೇ. ಆದ್ರೆ ಝೋನ್ ಅನ್ನೋದು ಜಾಗಕ್ಕೆ ಅಂಟ್ಕೊಂಡಿರೋ ಗುಣ ಅಲ್ಲ, ಆ ಜಾಗದಲ್ಲಿ ಯಾರು ಏನು ಎಷ್ಟು ಸಲ ಮಾಡ್ತಾರೆ ಅನ್ನೋದರ ಲೆಕ್ಕ. ಆ ಲೆಕ್ಕ ಇರೋದು ಕಾಕಾ ತಲೇಲಿ. ಡ್ರಾಯಿಂಗ್ ಮಾಡೋವಾಗ ಯಾರಾದ್ರೂ ಕೇಳಿದ್ರಾ ಅಂದೆ, "ನಮ್ಮನ್ಯಾರ ಕೇಳ್ತಾರ್ರಿ" ಅಂದು ಬೀಡಿ ಸೇದೋಕೆ ಗೇಟ್ ಆಚೆ ಹೋದ್ರು. ಅಷ್ಟು ಶಿಸ್ತು ಮಾತ್ರ ನಮ್ಮಲ್ಲಿ ಕಟ್ಟುನಿಟ್ಟು, ಬೀಡಿ ಬೆಂಕಿಪೊಟ್ಟಣ ಗೇಟಲ್ಲೇ.

ಈಗ ಸಾಮಾನಿನ ವಿಷ್ಯ. ನಮ್ಮ ಕಡೆ ಎಲ್ಲದಕ್ಕೂ ಎಫ್‌ಎಲ್‌ಪಿ ಅಂತಾರೆ, ಎಫ್‌ಎಲ್‌ಪಿ ಮೋಟರ್, ಎಫ್‌ಎಲ್‌ಪಿ ಲೈಟ್, ಎಫ್‌ಎಲ್‌ಪಿ ಜಂಕ್ಷನ್ ಬಾಕ್ಸ್. ಫ್ಲೇಮ್‌ಪ್ರೂಫ್ ಅಂದ್ರೆ ಗ್ಯಾಸ್ ಒಳಗೆ ಹೋಗದ ಹಾಗೆ ಟೈಟಾಗಿ ಮುಚ್ಚಿರೋ ಡಬ್ಬಿ ಅಂತ ನಾನೂ ಡಿಪ್ಲೊಮಾ ಮುಗಿಸಿ ಮೂರು ವರ್ಷ ನಂಬ್ಕೊಂಡಿದ್ದೆ. ಅಲ್ಲ. ಗ್ಯಾಸ್ ಒಳಗೆ ಹೋಗೇ ಹೋಗುತ್ತೆ ಅಂತ ಒಪ್ಕೊಂಡೇ ಮಾಡಿರೋ ಡಬ್ಬಿ ಅದು. ಹಗಲು ಕಾದು ಗಾಳಿ ಹೊರಗೆ ಬಿಡುತ್ತೆ, ರಾತ್ರಿ ತಣ್ಣಗಾಗಿ ಒಳಗೆ ಎಳ್ಕೊಳ್ಳುತ್ತೆ. ಒಳಗೆ ಕಿಡಿ ಬಿದ್ದು ಸಿಡಿದ್ರೆ ಸಿಡೀಲಿ, ಡಬ್ಬಿ ತಡ್ಕೊಳ್ಳುತ್ತೆ, ಜ್ವಾಲೆ ಹೊರಗೆ ಬರೋಕೆ ಇರೋ ದಾರಿ ಒಂದೇ, ಮುಚ್ಚಳಕ್ಕೂ ಡಬ್ಬಿಗೂ ನಡುವಿನ ಕೂದಲೆಳೆ ಸಂದು, ಆ ಉದ್ದ ಸಂದಲ್ಲಿ ಲೋಹಕ್ಕೆ ಬಿಸಿ ಕೊಟ್ಟು ಕೊಟ್ಟು ಹೊರಗೆ ಬರೋಷ್ಟರಲ್ಲಿ ಹೊರಗಿನ ಆವಿ ಹಚ್ಚೋ ಶಕ್ತಿ ಇರಲ್ಲ. 1815ರಲ್ಲಿ ಹಂಫ್ರಿ ಡೇವಿ ಗಣಿ ಕಾರ್ಮಿಕರ ದೀಪದ ಸುತ್ತ ತಂತಿ ಜಾಲರಿ ಸುತ್ತಿದ್ದೂ ಹತ್ತಿರ ಹತ್ತಿರ ಇದೇ ಉಪಾಯ, ಜಾಲರಿ ದಾಟೋಷ್ಟರಲ್ಲಿ ಜ್ವಾಲೆ ತಣ್ಣಗಾಗುತ್ತೆ.

ಇದು ಅರ್ಥ ಆದ್ಮೇಲೆ ಪ್ಲಾಂಟಲ್ಲಿ ಓಡಾಡೋದೇ ಕಷ್ಟ ಆಯ್ತು ನನಗೆ, ಕಣ್ಣು ಬರೀ ಬೋಲ್ಟ್ ಕಡೆಗೇ ಹೋಗ್ತಿತ್ತು. ಎಂಟು ಬೋಲ್ಟ್ ಇರಬೇಕಾದ ಬಾಕ್ಸಲ್ಲಿ ಐದು. ಇನ್ನೊಂದ್ರಲ್ಲಿ ಎಂಟೂ ಇದ್ವು, ಆದ್ರೆ ಮುಚ್ಚಳ ಬರ್ಲಿಲ್ಲ ಅಂತ ಯಾರೋ ಸ್ಕ್ರೂಡ್ರೈವರ್ ಹಾಕಿ ಮೀಟಿದ್ದಾರೆ, ಮುಚ್ಚಳ ಕೂರೋ ಫ್ಲಾಂಜ್ ಅಂಚಿನ ಮೇಲೆ ಉಗುರಲ್ಲಿ ಕೆರೆದ್ರೆ ಸಿಕ್ಕೋವಷ್ಟು ಗೀರು. ಇನ್ನೊಂದಕ್ಕೆ ಮಳೆ ನೀರು ಬರುತ್ತೆ ಅಂತ ಒಳ್ಳೆ ಮನಸ್ಸಿಂದ ರಬ್ಬರ್ ಶೀಟ್ ಕತ್ತರಿಸಿ ಮಧ್ಯೆ ಹಾಕಿದ್ರು, ಲೋಹದ ಸಂದೇ ಇಲ್ಲ ಅಲ್ಲಿಗೆ. ಕೇಬಲ್ ಇಲ್ಲದ ತೂತಿಗೆ ಪ್ಲಗ್ ಬದಲು ಎಂಸೀಲ್ ಮೆತ್ತಿದ್ದೂ ಕಂಡಿದೆ. ಎಲ್ಲದರ ಮೇಲೂ ಸರ್ಟಿಫಿಕೇಟ್ ನಂಬರ್ ಇರೋ ಪ್ಲೇಟ್ ಮಾತ್ರ ಫಳಫಳ ಅಂತಿತ್ತು. ಆ ಸರ್ಟಿಫಿಕೇಟ್ ಧನಬಾದಿನ ಲ್ಯಾಬಲ್ಲಿ ಟೆಸ್ಟ್ ಆದ ಡಬ್ಬಿಗೆ ಸಿಕ್ಕಿದ್ದು, ನಮ್ಮ ಐದು ಬೋಲ್ಟಿನ ಡಬ್ಬಿಗಲ್ಲ.

ಸ್ಟೋರ್ಸಿನವರ ಜೊತೆ ಇನ್ನೊಂದು ಜಗಳ, ಅವರಿಗೆ ವೆದರ್‌ಪ್ರೂಫ್ ಮತ್ತು ಫ್ಲೇಮ್‌ಪ್ರೂಫ್ ಎರಡೂ ಒಂದೇ. ಐಪಿ65 ಇದೆಯಲ್ಲ ಸಾರ್ ಅಂತಾರೆ. ಐಪಿ65 ನೀರು ಧೂಳಿಗೆ, ಸಿಡಿಯೋದಕ್ಕೂ ಅದಕ್ಕೂ ಏನೂ ಸಂಬಂಧ ಇಲ್ಲ. ರೇಟಲ್ಲಿ ಮಾತ್ರ ಅಜಗಜಾಂತರ, ಅದೇ ಅವರಿಗೆ ಬೇಕಾಗಿದ್ದು.

ಪ್ಲೇಟ್ ಓದೋದು ಹೇಗೆ ಅಂತ ನಮ್ಮ ಹುಡುಗರಿಗೆ ಹೇಳಿಕೊಡೋವಾಗ ಒಂದೇ ಉದಾಹರಣೆ ತಗೋತೀನಿ. ‘ಎಕ್ಸ್ ಡಿಬಿ ಐಐಬಿ ಟಿ4 ಜಿಬಿ’ ಅಂತಿದೆ ಅನ್ಕೊಳ್ಳಿ. ಎಕ್ಸ್ ಅಂದ್ರೆ ಸಿಡಿಯೋ ಆವಿ ಇರೋ ಜಾಗಕ್ಕೆ ಮಾಡಿದ್ದು, ಡಿ ಅಂದ್ರೆ ಈಗ ಹೇಳಿದ ಫ್ಲೇಮ್‌ಪ್ರೂಫ್, ಕೊನೆಯ ಜಿಬಿ ಅಂದ್ರೆ ಝೋನ್ 1ಕ್ಕೆ ಆಗುತ್ತೆ ಅಂತ. ಐಐಬಿ, ನಾವು ಟೂ ಬಿ ಅನ್ನೋದು, ಯಾವ ಗ್ಯಾಸಿಗೆ ಅಂತ. ಟೂ ಎ ಸಾಧು, ಪೆಟ್ರೋಲ್, ಪ್ರೊಪೇನ್ ಅದ್ರಲ್ಲಿ ಬರ್ತವೆ, ಟೂ ಬಿ ಮಧ್ಯದ್ದು, ಟೂ ಸಿ ಅಂದ್ರೆ ಹೈಡ್ರೋಜನ್, ಅಸಿಟಿಲೀನ್ ಥರದ ಪುಂಡರು, ಬಹಳ ಕಿರಿದಾದ ಸಂದಲ್ಲೂ ನುಗ್ಗಿ ಬರ್ತವೆ. ಹೈಡ್ರೋಜನ್ ಹಚ್ಚೋಕೆ 0.02 ಮಿಲಿಜೂಲ್ ಸಾಕು, ನೈಲಾನ್ ಶರ್ಟ್ ಬಿಚ್ಚೋವಾಗ ಚಟ್ ಅನ್ನುತ್ತಲ್ಲ ಅದರಲ್ಲಿ ಇದಕ್ಕಿಂತ ಎಷ್ಟೋ ಜಾಸ್ತಿ ಇರುತ್ತೆ. ನಮ್ಮಲ್ಲಿ ಹೈಡ್ರೋಜನ್ ಎಲ್ಲಿ ಅಂತ ಕೇಳಬೇಡಿ, ಬ್ಯಾಟರಿ ರೂಮಲ್ಲಿ ಚಾರ್ಜ್ ಆಗೋವಾಗ ಬರೋದು ಅದೇ, ಅದು ಹಗುರ, ಸೂರಿಗೆ ಹೋಗಿ ಸೇರುತ್ತೆ, ಟ್ಯೂಬ್‌ಲೈಟ್ ಇರೋ ಜಾಗಕ್ಕೆ ಸರಿಯಾಗಿ. ಟಿ4 ಅಂದ್ರೆ ಆ ಸಾಮಾನಿನ ಮೈ ಎಷ್ಟೇ ಕಾದ್ರೂ 135 ಡಿಗ್ರಿ ದಾಟಲ್ಲ ಅಂತ, ಟಿ1ಗೆ 450, ಟಿ6ಗೆ 85. ಎಥನಾಲ್ ಕಿಡಿ ಇಲ್ಲದೆ ತಾನೇ ಹತ್ಕೊಳ್ಳೋದು 360 ಡಿಗ್ರಿ ಆಸುಪಾಸಲ್ಲಿ, ಹಾಗಾಗಿ ಟಿ4 ಧಾರಾಳ ಆಯ್ತು. ಇದನ್ನ ಫ್ಲಾಶ್ ಪಾಯಿಂಟ್ 13 ಡಿಗ್ರಿ ಜೊತೆ ಕಲಸ್ಕೊಳ್ಳೋರು ಬಹಳ ಜನ. ಹದಿಮೂರು ಅಂದ್ರೆ ಅಷ್ಟು ಬಿಸಿ ಇದ್ರೆ ಸಾಕು ಹಚ್ಚೋವಷ್ಟು ಆವಿ ಬರುತ್ತೆ ಅಂತ, ಹಚ್ಚೋಕೆ ಬೇರೆ ಕಿಡಿ ಬೇಕು.

ಆ ಪ್ಲೇಟಲ್ಲಿ ಇಲ್ಲದೆ ಇರೋದೂ ಒಂದು ಮಾತು ಹೇಳುತ್ತೆ. ಸುತ್ತಲಿನ ಬಿಸಿ ಎಷ್ಟಿರಬೇಕು ಅಂತ ಬೇರೆ ಏನೂ ಬರೆದಿಲ್ಲ ಅಂದ್ರೆ ಮೈನಸ್ 20ರಿಂದ 40 ಡಿಗ್ರಿವರೆಗೆ ಮಾತ್ರ ಆ ಸರ್ಟಿಫಿಕೇಟ್ ಲೆಕ್ಕಕ್ಕೆ ಬರೋದು. ಮೈನಸ್ 20 ನಮಗೆ ಬೇಡ ಬಿಡಿ, ಆದ್ರೆ ಕಲಬುರಗಿ, ರಾಯಚೂರು, ಬಾಗಲಕೋಟೆ ಕಡೆ ಮೇ ತಿಂಗಳಲ್ಲಿ 40 ದಾಟೋ ದಿನ ಇದ್ದೇ ಇರ್ತವೆ. ಅದಕ್ಕೇ ಈಗ ನಾನು ಇಂಡೆಂಟ್ ಹಾಕೋವಾಗ 50 ಅಥವಾ 55 ಡಿಗ್ರಿ ಆಂಬಿಯೆಂಟ್ ಅಂತ ದಪ್ಪ ಅಕ್ಷರದಲ್ಲಿ ಬರೀತೀನಿ. ಪರ್ಚೇಸ್‌ನವರು ಫೋನ್ ಮಾಡಿ ಇದು ಬೇಕೇ ಬೇಕಾ ಅಂತ ಕೇಳ್ತಾರೆ, ಬನ್ನಿ ಕಾಲಂ ಹತ್ರ ಒಂದು ತಾಸು ನಿಲ್ಲಿ ಅಂತೀನಿ. ಕಾಕಾ ಡೈಲಾಗು.

ಒತ್ತಡ, ಬಿಸಿ ಅಳೆದು ಕಂಟ್ರೋಲ್ ರೂಮಿಗೆ ಕಳಿಸೋ ಟ್ರಾನ್ಸ್‌ಮಿಟರ್‌ಗಳದ್ದು ಬೇರೆ ದಾರಿ, ಅಲ್ಲಿ ಡಬ್ಬಿ ಗಟ್ಟಿ ಮಾಡೋ ಬದಲು ಕರೆಂಟನ್ನೇ ಬಡಪಾಯಿ ಮಾಡೋದು. ಕಂಟ್ರೋಲ್ ರೂಮಲ್ಲಿ ಬ್ಯಾರಿಯರ್ ಕೂರಿಸಿ, 28 ವೋಲ್ಟ್ 93 ಮಿಲಿಆಂಪ್ ಅಷ್ಟಕ್ಕೆ ಕಟ್ಟಿಹಾಕಿದ್ರೆ ಫೀಲ್ಡಲ್ಲಿ ವೈರ್ ತುಂಡಾದ್ರೂ ಆ ಕಿಡಿಗೆ ಆವಿ ಹಚ್ಚೋ ತಾಕತ್ತು ಇರಲ್ಲ. ಇದರ ಹಿಂದೆ ಒಂದು ದೊಡ್ಡ ದುರಂತ ಇದೆ. 1913ರ ಅಕ್ಟೋಬರಲ್ಲಿ ವೇಲ್ಸಿನ ಸೆಂಘೆನಿತ್ ಕಲ್ಲಿದ್ದಲು ಗಣಿ ಸಿಡಿದು 439 ಕಾರ್ಮಿಕರು ಸತ್ರು, ಕಾಪಾಡೋಕೆ ಹೋದ ಒಬ್ಬರೂ ಹೋದ್ರು. ಗಣಿ ಒಳಗೆ ಸಿಗ್ನಲ್ ಕೊಡೋಕೆ ಬಳಸ್ತಿದ್ದ ಗಂಟೆ ತಂತಿ ಕಿಡಿ ಮೇಲೂ ಅನುಮಾನ ಬಂತು. ಬ್ಯಾಟರಿಯ ಪುಟ್ಟ ಗಂಟೆ ಏನು ಮಾಡುತ್ತೆ ಅಂತ ಬಹಳ ಜನ ಅಂದ್ಕೊಂಡಿದ್ರು. ಎಷ್ಟು ಸಣ್ಣ ಕಿಡಿ ಸಾಕು ಅಂತ ಕೂತು ಅಳೆಯೋ ಕೆಲಸ ಆಮೇಲೆ ಜೋರಾಯ್ತು.

ಡ್ರಾಯಿಂಗ್ ಎಷ್ಟೇ ಸರಿ ಇದ್ರೂ ಅದಕ್ಕೊಂದು ಗಡಿ ಇದೆ ಅನ್ನೋದನ್ನೂ ಹೇಳಬೇಕು. ಪೈಪ್ ಒಡೆದು ಟ್ಯಾಂಕೇ ಖಾಲಿ ಆಗೋವಂಥ ಅನಾಹುತ ಝೋನ್ ಲೆಕ್ಕದಲ್ಲಿ ಬರೋದೇ ಇಲ್ಲ, ಸ್ಟ್ಯಾಂಡರ್ಡೇ ಅದನ್ನ ಹೊರಗಿಟ್ಟಿದೆ. 2009ರ ಅಕ್ಟೋಬರ್ 29ಕ್ಕೆ ಜೈಪುರದ ಸೀತಾಪುರ ಡಿಪೋದಲ್ಲಿ ಪೆಟ್ರೋಲ್ ಕಾರಂಜಿ ಥರ ಚಿಮ್ಮಿ, ಒಂದು ಗಂಟೆಗೂ ಮೇಲೆ ಆವಿ ಇಡೀ ಕಾಂಪೌಂಡಲ್ಲಿ ಹರಡಿ ಆಮೇಲೆ ಸಿಡೀತು, ಬೆಂಕಿ ದಿನಗಟ್ಟಲೆ ಉರೀತು. ಅಷ್ಟು ದೂರ ಹರಡಿದ ಮೇಲೆ ಆಫೀಸಿನ ಮಾಮೂಲಿ ಸ್ವಿಚ್ಚು, ಗಾಡಿ ಇಂಜಿನ್ನು, ಯಾವುದಾದ್ರೂ ಸಾಕು.

ನಮ್ಮ ಬಕೆಟ್ಟಿಗೆ ಬಂದ್ರೆ, ಮ್ಯಾನೇಜರ್ ಮೊದ್ಲು ಬರೀ ಬಕೆಟ್ ಎತ್ತಿಸಿಬಿಡು ಅಂದ್ರು. ಎತ್ತಿಸಿದ್ರೆ ಕಾಕಾ ಜಾರ್ ತೊಳೆದ ಸ್ಪಿರಿಟ್ ಎಲ್ಲಿ ಸುರೀಬೇಕು, ನೆಲಕ್ಕಾ? ಕೊನೆಗೆ ಅವರನ್ನೇ ಕೂರಿಸ್ಕೊಂಡು ಮಾತಾಡಿದ್ವಿ. ಮುಚ್ಚಿದ ಸ್ಯಾಂಪ್ಲರ್ ಬಂತು, ತೊಳೆದಿದ್ದು ಪೈಪಲ್ಲೇ ವಾಪಸ್ ಹೋಗೋ ಹಾಗೆ. ಸುತ್ತ 1.5 ಮೀಟರ್ ಝೋನ್ 1 ಅಂತ ಡ್ರಾಯಿಂಗ್ ತಿದ್ದಿದ್ವಿ, ಲೈಟ್ ಬದಲಾಯ್ತು, ಟ್ರೆಂಚಿಗೆ ಮರಳು ಬಿತ್ತು, ಒಂದು ಎಫ್‌ಎಲ್‌ಪಿ ಫ್ಯಾನ್ ತರಿಸಿದ್ವಿ, ಅದರ ಬೆಲೆ ನೋಡಿ ಅಕೌಂಟ್ಸಿನವರು ಮೂರು ದಿನ ನನ್ನ ಜೊತೆ ಮಾತು ಬಿಟ್ಟಿದ್ರು. ಸ್ಯಾಂಪ್ಲರ್ ಬಂದ ಮೇಲೆ ಆ ಜಾಗ ಮತ್ತೆ ಝೋನ್ 2 ಮಾಡಬಹುದಲ್ಲ ಅಂತ ಒಬ್ಬರು ಕೇಳಿದ್ರು, ಮಾಡಬಹುದು, ಆದ್ರೆ ಒಂದು ಸೀಸನ್ ನೋಡೋಣ ಅಂದೆ.

ಈಗ ಬಾಕಿ ಇರೋದು ಸಕ್ಕರೆ ಪ್ಯಾಕಿಂಗ್ ಹೌಸ್. ಅಲ್ಲಿಗೆ ಝೋನ್ ಡ್ರಾಯಿಂಗೇ ಇಲ್ಲ, ಸಕ್ಕರೆ ಸಿಡಿಯುತ್ತೆ ಅಂದ್ರೆ ನಗ್ತಾರೆ. 2008ರ ಫೆಬ್ರವರಿಯಲ್ಲಿ ಅಮೆರಿಕದ ಜಾರ್ಜಿಯಾದ ಪೋರ್ಟ್ ವೆಂಟ್‌ವರ್ತ್‌ನಲ್ಲಿ ಸಕ್ಕರೆ ಧೂಳು ಸಿಡಿದು 14 ಜನ ಸತ್ತಿದ್ದು ಹೇಳಿದೆ. ಅಲ್ಲಿ ಸಕ್ಕರೆ ಮೇಲೆ ಏನೂ ಬೀಳದಿರಲಿ ಅಂತ ಕನ್ವೇಯರ್ ಬೆಲ್ಟಿಗೆ ತಗಡಿನ ಗೂಡು ಮುಚ್ಚಿದ್ರು, ಧೂಳು ಹೊರಗೆ ಹೋಗೋಕೆ ದಾರಿ ಇಲ್ಲದೆ ಒಳಗೇ ಕಟ್ಕೊಂಡಿತು, ಮೊದಲು ಸಿಡಿದಿದ್ದೂ ಆ ಗೂಡೇ. ಆಮೇಲೆ ತೊಲೆ, ನೆಲದ ಮೇಲೆ ವರ್ಷಗಟ್ಟಲೆ ಕೂತಿದ್ದ ಧೂಳು ಆ ಏಟಿಗೆ ಮೇಲೆದ್ದು ಒಂದಾದ್ಮೇಲೊಂದು ಸಿಡೀತಾ ಹೋಯ್ತು. ನಮ್ಮ ಕನ್ವೇಯರಿಗೂ ಹೋದ ಸೀಸನ್‌ನಲ್ಲಿ ತಗಡು ಮುಚ್ಚಿದ್ದಾರೆ, ಇರುವೆ, ಕಸ ಬೀಳುತ್ತೆ ಅಂತ. ಮೇಲಿನ ತೊಲೆ ಮೇಲೆ ಬೆರಳಾಡಿಸಿದ್ರೆ ಹೆಸರು ಬರೀಬಹುದು. ನಾಳೆ ಬೆಳಿಗ್ಗೆ ಶಿಫ್ಟ್ ಶುರುವಾಗೋ ಮುಂಚೆ ಏಣಿ ತಗೊಂಡು ಹೋಗಿ ಎಷ್ಟು ದಪ್ಪ ಕೂತಿದೆ ಅಂತ ಅಳೀಬೇಕು, ಗುಡಿಸೋ ಅಕ್ಕನ್ನೂ ಕರೆದಿದೀನಿ, ಯಾವ ಮೂಲೇಲಿ ಎಷ್ಟು ದಿನಕ್ಕೊಮ್ಮೆ ಗುಡಿಸ್ತಾರೆ ಅಂತ ಅವರನ್ನೇ ಕೇಳಬೇಕಲ್ಲ.